ಹತ್ತು ಗೇಣು ಹಗ್ಗ

"ಸ್ವಲ್ಪ ಎತ್ರೀ, ಮೂಲೆಗೆ ತಗಲುತ್ತೆ!" ಎಂದು ಮೇಲಿನಿಂದ ಯಾರೋ ಕೂಗಿದರು.

ಗಡಿಯಾರ ರಿಪೇರಿಯವನು ಎತ್ತಿದ. ಮೆಟ್ಟಿಲು ಕಡಿದಾಗಿತ್ತು. ಹೆಣದ ಭಾರವೆಲ್ಲ ಕೆಳಗಿನ ತುದಿ ಹಿಡಿದಿದ್ದ ಅವನ ತೋಳಿಗೇ ಇಳಿಯಿತು. ಸತ್ತ ಮೇಲೂ ಭಾರ ನನಗೆ, ಹೆಸರು ಇವನಿಗೆ ಎಂದುಕೊಂಡ.

ಸತ್ತವನು ಎದುರಂಗಡಿಯ ಬುಕ್ ಬೈಂಡರ್. ನಿನ್ನೆ ಮಧ್ಯಾಹ್ನ ಅಂಟಿನ ಡಬ್ಬಿಯ ಪಕ್ಕ ತಲೆಯಿಟ್ಟವನು ಮತ್ತೆ ಏಳಲಿಲ್ಲ. ಇವತ್ತು ಅವನಿಗಾಗಿ ಬೀದಿ ತುಂಬ ಜನ.

"ತಟ್ಟೆಯಣ್ಣನಿಗೆ ಎಷ್ಟು ಮಂದಿ ನೋಡಿ," ಎಂದ ಚಹಾ ಅಂಗಡಿಯವನು. "ಮಂತ್ರಿ ಸತ್ರೂ ಇಷ್ಟು ಜನ ಬರಲ್ಲ. ಬಂದ್ರೂ, ಸತ್ತಿದ್ದು ನಿಜಾನಾ ಅಂತ ನೋಡೋಕೆ ಬರ್ತಾರೆ."

ತಟ್ಟೆಯಣ್ಣ. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಗಡಿಯಾರದವನು ಮುಖ ಬೇರೆ ಕಡೆ ತಿರುಗಿಸುತ್ತಿದ್ದ.

ಹೊಳೆ ಉಳಿಸುವ ಸಂಘದ ಹುಡುಗಿ ಕಣ್ಣೊರೆಸಿಕೊಂಡು ಪಕ್ಕಕ್ಕೆ ಬಂದಳು. "ಒಂಬತ್ತು ದೇಶದಲ್ಲಿ ಜನ ಈಗ ಹೊಳೆಗೆ ತಟ್ಟೆ ಇಳಿಸ್ತಾರೆ ಗೊತ್ತಾ ಅಂಕಲ್? ಎಲ್ಲ ಇವರನ್ನ ನೋಡಿ ಕಲಿತವರು. ಪಾಪ, ಎರಡು ವರ್ಷದಿಂದ ಇವರ ಹೊಳೆಯೇ ಕೆಡ್ತಾ ಬಂತು. ಹೋದ ವಾರ, 'ನನ್ನ ಹೊಳೆಯಂತೂ ಸೋತುಹೋಯ್ತಮ್ಮ, ಉಳಿದೋರಿಗೆ ಬಿಡಬೇಡಿ ಅನ್ನು' ಅಂದ್ರು."

"ತಟ್ಟೆ ನಮ್ಮನೇದು," ಎಂದ ಗಡಿಯಾರದವನು.

"ಏನಂದ್ರಿ?"

"ಆ ತಟ್ಟೆ. ನಮ್ಮ ಅಡುಗೆಮನೇದು."

ದುಃಖದಲ್ಲಿ ಏನೋ ಹೇಳುತ್ತಿದ್ದಾನೆ ಎಂಬಂತೆ ಹುಡುಗಿ ಅವನ ಕೈಯನ್ನು ಮೆಲ್ಲನೆ ತಟ್ಟಿದಳು.

*

ಹತ್ತೊಂಬತ್ತು ವರ್ಷದ ಹಿಂದೆ ಹೊಳೆ ದಿನಕ್ಕೊಂದು ಬಣ್ಣದಲ್ಲಿ ಹರಿಯುತ್ತಿತ್ತು. ಮೇಲ್ಗಡೆಯ ಬಣ್ಣದ ಕಾರ್ಖಾನೆ ಸೋಮವಾರ ಕೆಂಪು ಬಿಟ್ಟರೆ ಬುಧವಾರ ನೀಲಿ. ನೀರು ಎಷ್ಟು ಕೆಟ್ಟಿದೆ ಎಂದು ಅಳೆಯುವ ದಾರಿ ಹೊಳೆದದ್ದು ಗಡಿಯಾರದವನಿಗೆ. ಬಿಳಿ ಎನಾಮಲ್ ತಟ್ಟೆಯ ಅಂಚಿಗೆ ಮೂರು ತೂತು ಕೊರೆದು, ಅಡಿಗೆ ಸೀಸದ ತುಂಡು ಕಟ್ಟಿ, ಗೇಣಿಗೊಂದು ಗಂಟು ಹಾಕಿದ ಹಗ್ಗ ಬಿಗಿದ. ಸೇತುವೆಯ ಕೆಳಗಿನ ಕೊನೆಯ ಮೆಟ್ಟಿಲಿನಲ್ಲಿ ನಿಂತು ಇಳಿಸಬೇಕು, ತಟ್ಟೆ ಮರೆಯಾದಾಗ ನೀರಿಗಿಳಿದ ಗಂಟು ಎಣಿಸಬೇಕು. ಅಷ್ಟೇ.

"ಹಗ್ಗ ಇನ್ನೂ ಉದ್ದ ಬೇಡ್ವಾ?" ಎಂದು ಬೈಂಡರ್ ಕೇಳಿದ್ದ.

"ಹತ್ತು ಗೇಣು ಸಾಕೋ ಮಾರಾಯ. ಅಷ್ಟು ಆಳ ಕಾಣೋ ದಿನ ನಾವಿಬ್ರೂ ಇರಲ್ಲ."

ಮೊದಲ ದಿನ ಒಂದು ಗೇಣಿಗೇ ತಟ್ಟೆ ಮಾಯವಾಯಿತು. ನಾಲ್ಕು ತಿಂಗಳಲ್ಲಿ ಗಡಿಯಾರದವನಿಗೆ ಬೇಸರ ಬಂತು. "ತಟ್ಟೆ ಇಳಿಸಿದ್ರೆ ಕಾರ್ಖಾನೆ ಹೆದರುತ್ತಾ?" ಎಂದು ಬಿಟ್ಟುಬಿಟ್ಟ. ಬೈಂಡರ್ ಬಿಡಲಿಲ್ಲ. ದಿನಾ ಬೆಳಿಗ್ಗೆ ಹತ್ತಕ್ಕೆ ಇಳಿಸಿದ, ತಾನೇ ಹೊಲಿದ ಪುಸ್ತಕದಲ್ಲಿ ಬರೆದ. ಏಳನೆಯ ವರ್ಷ ಆ ಪುಸ್ತಕಗಳು ಕೋರ್ಟಿಗೆ ಹೋದವು; ಕಾರ್ಖಾನೆ ಕೊಳಕು ನೀರು ಸೋಸುವ ತೊಟ್ಟಿ ಕಟ್ಟಲೇಬೇಕಾಯಿತು. ಮೂರು ಗೇಣು, ಐದು ಗೇಣು, ಆರು. ಪತ್ರಿಕೆಯಲ್ಲಿ ತಟ್ಟೆಯ ಚಿತ್ರ ಬಂತು, ಹಿಂದೆ ಬೈಂಡರನ ಹಲ್ಲುಕಿರಿದ ಮುಖ.

*

ಎರಡು ವರ್ಷದ ಹಿಂದೆ ಬೈಂಡರ್ ಅಂಗಡಿಗೆ ಬಂದು ಕೈಗಡಿಯಾರ ಬಿಚ್ಚಿಟ್ಟ. "ಮುಳ್ಳು ಮಂಕಾಗಿದೆ. ಗಾಜು ಬದಲಾಯಿಸು."

ಗಾಜು ಹೊಚ್ಚಹೊಸದರಂತಿತ್ತು. ಗಡಿಯಾರದವನು ಭೂತಗನ್ನಡಿ ಕಣ್ಣಿಗಿಟ್ಟುಕೊಂಡೇ ತಲೆಯೆತ್ತಿದ. ಗೆಳೆಯನ ಎರಡು ಪಾಪೆಗಳಲ್ಲೂ ತೆಳ್ಳಗೆ ಹಾಲು ಕದಡಿದಂತೆ ಪೊರೆ.

"ಹೊಳೆ ಮತ್ತೆ ಕೆಡ್ತಿದೆ ಕಣೋ," ಎಂದ ಬೈಂಡರ್. "ಇವತ್ತು ನಾಲ್ಕೇ ಗೇಣು."

ಮರುದಿನ ಗಡಿಯಾರದವನು ಯಾರಿಗೂ ಹೇಳದೆ ಮೆಟ್ಟಿಲಿಳಿದು ನೋಡಿದ. ಸೇತುವೆಯ ನೆರಳಿನಲ್ಲಿ ತಳದ ಕಲ್ಲುಗಳು ಕಾಣುವಷ್ಟು ತಿಳಿ ನೀರು. 'ಹೊಳೆ ಚೆನ್ನಾಗೇ ಇದೆ, ಕಣ್ಣು ತೋರಿಸು' ಎನ್ನುವುದಕ್ಕೆ ಅರ್ಧ ನಿಮಿಷ ಸಾಕಿತ್ತು. ಇವತ್ತಲ್ಲ, ನಾಳೆ ಎಂದುಕೊಂಡ. ಬೈಂಡರ್ ದಿನಾ ಮುಖ ಇಳಿಬಿಟ್ಟು ಬಂದು "ಮೂರೂವರೆ", "ಮೂರು" ಎನ್ನುತ್ತಿದ್ದ. ಇವನು "ಹೌದಾ? ಛೆ" ಎನ್ನುತ್ತಿದ್ದ. ಆ ದಿನಗಳಲ್ಲಿ ಗಡಿಯಾರದವನಿಗೆ ಊಟ ರುಚಿಸುತ್ತಿತ್ತು.

*

ಹೆಣ ಹೊತ್ತ ವ್ಯಾನು ಸೇತುವೆ ಹತ್ತಿದಾಗ ಬೈಂಡರನ ಹೆಂಡತಿ, "ನಿಲ್ಲಿಸಿ," ಎಂದಳು. ಅವಳ ಮಡಿಲಲ್ಲಿ ತಟ್ಟೆ, ಹಗ್ಗ, ಪುಸ್ತಕ.

"ಹತ್ತು ಗಂಟೆ ಆಯ್ತು. ಇವತ್ತಿಂದು ಬರೆದಿಲ್ಲ." ಅವಳು ಗಡಿಯಾರದವನ ಕಡೆ ತಿರುಗಿದಳು. "ಅಣ್ಣಾ, ನಿಮ್ಮ ಕಣ್ಣು ಚುರುಕು. ಕೊನೇದೊಂದು ನೀವೇ ನೋಡಿಬಿಡಿ. ಅವರು ಹೋಗೋ ಮುಂಚೆ ಬರೀಬೇಕು."

ಹತ್ತೊಂಬತ್ತು ವರ್ಷದ ಮೇಲೆ ತಟ್ಟೆ ಅವನ ಕೈಗೆ ಬಂತು. ಅಂಚಿನಲ್ಲಿ ಎನಾಮಲ್ ಚಕ್ಕೆ ಎದ್ದಿತ್ತು. ತೂತುಗಳು ತಾನು ಕೊರೆದವೇ.

ಜನರೆಲ್ಲ ಸೇತುವೆಯ ಮೇಲೆ ಸಾಲಾಗಿ ನಿಂತರು. ಅಲ್ಲಿಂದ ಅವರಿಗೆ ನೀರಿನ ಮೇಲಿನ ಬಿಸಿಲ ಹೊಳಪಷ್ಟೇ ಕಾಣುತ್ತಿತ್ತು. ಕೊನೆಯ ಮೆಟ್ಟಿಲಿನಲ್ಲಿ ನಿಲ್ಲಲು ಒಬ್ಬನಿಗೇ ಜಾಗ. 'ಮೂರು' ಎಂದರೆ ಮುಗಿಯಿತು. ಬೈಂಡರ್ ಸೋತವನಾಗಿ ಹೋಗುತ್ತಾನೆ. ನಿಜ ಹೇಳಿದರೆ ಈ ಹೊಳೆಯೂ, ಒಂಬತ್ತು ದೇಶದ ಹೊಳೆಗಳೂ ಅವನವೇ. ಆಮೇಲೆ ಅವಳು ಕೇಳುತ್ತಾಳೆ: ನಿಮಗೆ ಯಾವಾಗ ಗೊತ್ತಾಯ್ತು ಅಣ್ಣಾ?

ಅವನು ಇಳಿಸಿದ. ಮೂರನೆಯ ಗಂಟು ಮುಳುಗಿತು. ಆರನೆಯದು. ಎಂಟು.

"ಎಷ್ಟಣ್ಣಾ?" ಮೇಲಿನಿಂದ ಅವಳ ದನಿ. ಪೆನ್ನು ಹಿಡಿದು ಕಾದಿದ್ದಳು.

ಒಂಬತ್ತು. ಹತ್ತು. ಹಗ್ಗ ಮುಗಿಯಿತು. ಅವನು ಮಂಡಿಯೂರಿ ತೋಳನ್ನು ನೀರಿಗಿಳಿಸಿದ. ಮೊಣಕೈ ನೆನೆಯಿತು, ಅಂಗಿಯ ತೋಳು ನೆನೆಯಿತು.

"ಅಣ್ಣಾ, ಕೇಳಿಸ್ತಾ? ಎಷ್ಟು?"

"ಹಗ್ಗ," ಎಂದು ಅವನು ಕೂಗಿದ. "ಇನ್ನೂ ಹಗ್ಗ ಬೇಕು, ತಾಯಿ!"

ಕೆನ್ನೆ ನೀರಿಗೆ ತಾಗುವಷ್ಟು ಬಗ್ಗಿದ್ದ. ಬಿರುಬಿಸಿಲಿಗೆ ಹಿಡಿದ ಗಡಿಯಾರದ ಮುಖದಂತೆ, ಅವನ ಅಡುಗೆಮನೆಯ ತಟ್ಟೆ ಕೆಳಗೆ ಬೆಳ್ಳಗೆ ಹೊಳೆಯುತ್ತಲೇ ಇತ್ತು.