ಬಣ್ಣ ಹಿಡಿಯುವ ಎಳೆ

ಶಂಕ್ರೆಪ್ಪ ಗದಿಗೆಪ್ಪನ ಹೆಣದ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಸೀಗೇಪುಡಿ ಹಚ್ಚಿ ಬೆರಳು ತಿಕ್ಕುತ್ತಿದ್ದ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರರ ತುದಿಯೂ ನೇರಳೆ. ಎರಡು ತಂಬಿಗೆ ಬಿಸಿನೀರು ಸುರಿದರೂ ಬಣ್ಣ ಒಂದಿಷ್ಟೂ ಬಿಡಲಿಲ್ಲ.

"ಅದು ಹೋಗೂದಿಲ್ಲ, ಬಿಡೋ," ಎಂದಳು ಬಾಗಿಲಲ್ಲಿ ನಿಂತಿದ್ದ ರುದ್ರವ್ವ, ಸತ್ತವನ ಹೆಂಡತಿ. "ಮೂವತ್ತು ವರ್ಷ ನಾ ತಿಕ್ಕೀನಿ. ಮೊದಲ ಇವರಪ್ಪನ ಮನೀ ನೀಲಿ, ಆಮ್ಯಾಲ ಮಿಲ್ಲಿನ ಕೆಂಪು, ಈಗ ಇದು. ಬಣ್ಣ ಇಲ್ಲದ ಕೈ ನಾ ನೋಡೇ ಇಲ್ಲ."

ಶಂಕ್ರೆಪ್ಪ ಕೈಯನ್ನು ಮೆಲ್ಲಗೆ ಕೆಳಗಿಟ್ಟ. ಅವನು ಪಕ್ಕದ ಖೋಲಿಯವನು; ಸತ್ತವನ ಜೊತೆ ಹದಿನೈದು ವರ್ಷ ಒಂದೇ ಗೋಡೆ ಹಂಚಿಕೊಂಡವನು.

ಆ ದಿನ ಬೆಳಿಗ್ಗೆ ಗದಿಗೆಪ್ಪ ಎಂದಿನಂತೆ ಚಹಾ ಕುಡಿದು, ಲೋಕಲ್ ಹಿಡಿಯಲು ಹೊರಟು, ಬೂಟಿನ ಲೇಸು ಕಟ್ಟಲೆಂದು ಬಗ್ಗಿದ್ದ. ಬಗ್ಗಿದವನು ಏಳಲಿಲ್ಲ. ಐವತ್ತೇಳು ವರ್ಷ. ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ಜೋಗೇಶ್ವರಿಯ ಆ ಚಾಳಿನಲ್ಲಿ ಮೂವತ್ತು ಖೋಲಿ, ಮುಕ್ಕಾಲು ಪಾಲು ವಿಜಾಪುರ, ಬೆಳಗಾವಿ ಕಡೆಯವರೇ. ಎಂಟು ಗಂಟೆಯೊಳಗೆ ಗ್ಯಾಲರಿ ತುಂಬಿತು. ಕೆಲಸಕ್ಕೆ ಹೋಗಬೇಕಾದವರೂ ಡಬ್ಬಿ ಕೆಳಗಿಟ್ಟು ನಿಂತರು.

ಮೈ ಒರೆಸಿ, ವಿಭೂತಿ ಹಚ್ಚಿ, ಹೊಸ ಧೋತರ ಉಡಿಸಿ ಗೋಡೆಗೆ ಒರಗಿಸಿ ಕೂಡಿಸಿದರು. ವಿಲೆ ಪಾರ್ಲೆಯಿಂದ ಅಯ್ಯನವರು ಬರಬೇಕಿತ್ತು. ಅಂಗಳದಲ್ಲಿ ಬಿದಿರು ಸೀಳಿ, ಹೆಣ ಕೂಡಿಸಿ ಒಯ್ಯುವ ವಿಮಾನ ಕಟ್ಟುವ ಸದ್ದು.

"ಕಾಕಾಂದು ಏನು ನೌಕರಿ ಇತ್ತರಿ?" ಎಂದು ಕೇಳಿದ ಧರ್ಮಣ್ಣ. ಗಾರೆ ಕೆಲಸದವನು; ಚಾಳಿಗೆ ಬಂದು ಎರಡೇ ತಿಂಗಳಾಗಿತ್ತು.

"ಪರೇಲದಾಗ ಒಂದು ಲ್ಯಾಬೊರೇಟರಿ. ಕ್ಯಾನ್ಸರ್ ಮ್ಯಾಲ ಸಂಶೋಧನಾ ಮಾಡ್ತಾರ. ಅಲ್ಲಿ ಗಾಜಿನ ಪಟ್ಟಿಗೆ ಬಣ್ಣ ಹಾಕ್ತಿದ್ದ," ಎಂದ ಸಿದ್ದಲಿಂಗಪ್ಪ. ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು, ಚಾಳಿನ ಹಿರಿಯ. ಇಂಗ್ಲಿಷ್ ಕಾಗದ ಯಾರಿಗೆ ಬಂದರೂ ಓದಿಸಲು ಅವನ ಹತ್ತಿರವೇ ಬರುತ್ತಿದ್ದರು.

"ಗಾಜಿಗೆ ಯಾಕರಿ ಬಣ್ಣ?"

ಸಿದ್ದಲಿಂಗಪ್ಪ ಚಷ್ಮಾ ತೆಗೆದು ಅಂಗಿಯ ತುದಿಯಿಂದ ಒರೆಸಿದ. "ಅವ ಒಮ್ಮೆ ಬಿಡಿಸಿ ಹೇಳಿದ್ದ. ಆವತ್ತು ನಾ ಸರಿಯಾಗಿ ಕೇಳಲಿಲ್ಲ."

* * *

ಗುಳೇದಗುಡ್ಡದಲ್ಲಿ ಗದಿಗೆಪ್ಪನ ಮನೆತನದ ಕಸುಬು ನೂಲಿಗೆ ಬಣ್ಣ ಹಾಕುವುದು. ಮುಂಬಯಿಗೆ ಬಂದಮೇಲೂ ಅದೇ ವಿದ್ಯೆ ಅನ್ನ ಹಾಕಿತು. ಒಂದು ಮಿಲ್ಲಿನ ಬಣ್ಣದ ಖಾತೆಯಲ್ಲಿ ಹದಿನಾಲ್ಕು ವರ್ಷ ದುಡಿದ. ಆ ಖಾತೆ ಮುಚ್ಚಿದ ಮೇಲೆ, ಸಾವಿರದ ಒಂಬೈನೂರ ಅರವತ್ತೇಳರಲ್ಲಿ, ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದ.

ಆ ವರ್ಷದ ಮಳೆಗಾಲ. ಅಲ್ಲಿನ ಸಂಶೋಧಕಿ ಡಾಕ್ಟರ್ ಕಾನಿಟ್ಕರ್; ಎಲ್ಲರೂ ಮರಾಠಿಯ ಗೌರವದಲ್ಲಿ 'ಬಾಯಿ' ಎನ್ನುತ್ತಿದ್ದರು. ಅವಳ ಗಾಜಿನ ಪಟ್ಟಿಗಳೆಲ್ಲ ಮಂಕಾಗಿ ಬರುತ್ತಿದ್ದವು. ಜೀವಕೋಶದ ನಡುವಿನ ಗಂಟು ಗಾಢವಾಗಿ ಕಾಣಬೇಕು. ಎಲ್ಲ ಕೊಳೆನೀರಿನಂತೆ ಒಂದೇ ಆಗಿ ಕಾಣುತ್ತಿತ್ತು. ಬಾಯಿ ಹೊಸ ಬಾಟಲಿಯ ಬಣ್ಣವನ್ನು ಬೈಯುತ್ತಿದ್ದಳು. ಬೀಕರು ತೊಳೆಯುತ್ತಿದ್ದ ಗದಿಗೆಪ್ಪ ನಲ್ಲಿಯ ನೀರನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿಕೊಂಡ.

"ಬಾಯಿ, ರಂಗ್ ಠೀಕ್ ಹೈ. ಪಾನೀ ಬದಲ್ ಗಯಾ."

ಬಣ್ಣ ಸರಿಯಿದೆ, ನೀರು ಬದಲಾಗಿದೆ ಎಂಬ ಮಾತಿಗೆ ಬಾಯಿ ನಕ್ಕಳು. ಆದರೂ ಪರೀಕ್ಷೆಯ ಕಾಗದ ಅದ್ದಿ ನೋಡಿದಳು. ನೀರಿನಲ್ಲಿ ಹುಳಿ ಏರಿತ್ತು. ಮರುದಿನದಿಂದ ಬಣ್ಣ ಹಾಕುವ ಮೇಜು ಗದಿಗೆಪ್ಪನದಾಯಿತು.

ಒಂದು ಮಧ್ಯಾಹ್ನ ಅವಳೇ ಅವನನ್ನು ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಪ್ರತಿ ಕೋಶದ ನಡುವೆಯೂ ಒಂದು ನೇರಳೆ ಗಂಟು. ಅದು ಬಹಳ ಉದ್ದದ ಎಳೆ, ಸುತ್ತಿ ಸುತ್ತಿ ಇಟ್ಟಿದೆ, ಹೆಸರು ಕ್ರೊಮ್ಯಾಟಿನ್ ಎಂದಳು. ಮೊದಲು ನೋಡಿದವರಿಗೆ ಅದು ಏನೆಂದೇ ಗೊತ್ತಿರಲಿಲ್ಲವಂತೆ. ಬಣ್ಣ ಹಿಡಿಯುತ್ತದೆ ಎಂಬುದಷ್ಟೇ ಗೊತ್ತಿದ್ದುದರಿಂದ ಅದೇ ಅರ್ಥದ ಹೆಸರಿಟ್ಟರಂತೆ. ಕಣ್ಣಿನ ಕೋಶದಲ್ಲೂ ಉಗುರಿನ ಬುಡದ ಕೋಶದಲ್ಲೂ ಎಳೆ ಒಂದೇ. ಬಿಗಿಯಾಗಿ ಸುತ್ತಿದ ಕಡೆ ಬಣ್ಣ ಗಾಢ, ಅಲ್ಲಿ ಕೆಲಸ ನಡೆಯುವುದಿಲ್ಲ. ಸಡಿಲಾದ ಕಡೆ ಬಣ್ಣ ತೆಳು, ಅಲ್ಲಿ ಕೆಲಸ. ಯಾವುದು ಬಿಚ್ಚಿದೆ, ಯಾವುದು ಮುಚ್ಚಿದೆ ಎಂಬುದರ ಮೇಲೆ ಒಂದು ಕಣ್ಣು, ಇನ್ನೊಂದು ಉಗುರು. ಮುಚ್ಚಿರಬೇಕಾದದ್ದು ಬಿಚ್ಚಿಕೊಂಡರೆ ರೋಗ ಹುಟ್ಟುತ್ತದೇನೋ ಎಂಬುದು ಬಾಯಿಯ ಅನುಮಾನ; ಅದಕ್ಕಾಗಿಯೇ ಅವಳ ಹಗಲೆಲ್ಲ ಕಳೆಯುತ್ತಿತ್ತು.

ಸಂಜೆ ಮನೆಗೆ ಬಂದವನೇ ರುದ್ರವ್ವನಿಗೆ ಹೇಳಿದ: "ನಮ್ಮಲ್ಲಿ ಬಿಗಿಯಾಗಿ ಕಟ್ಟಿದ ನೂಲಿಗೆ ಬಣ್ಣ ಏರೂದಿಲ್ಲ. ಇಲ್ಲಿ ಕಟ್ಟಿದ್ದಕ್ಕ ಹೆಚ್ಚು ಏರತೈತಿ. ಏಕದಂ ಉಲ್ಟಾ! ದೇವರೂ ನಮ್ಮ ಕಸುಬಿನವನ, ಆದರ ಬ್ಯಾರೆ ಮನೆತನ."

* * *

ಹತ್ತು ಗಂಟೆಗೆ ಟ್ಯಾಕ್ಸಿ ಬಂತು. ಕಾನಿಟ್ಕರ್ ಬಾಯಿ ಇಳಿದಳು. ಅವಳ ಹಿಂದೆ ನೀಲಾವತಿ. ಆ ವಾರ ನೀಲಾವತಿಯದು ಬೆಳಗಿನ ಪಾಳಿ, ಮುಂಚಿನ ಗಾಡಿಗೇ ಹೋಗಿದ್ದಳು. ಸುದ್ದಿ ಪ್ರಯೋಗಾಲಯದ ಫೋನಿಗೆ ಹೋಗಿತ್ತು. ಇಪ್ಪತ್ನಾಲ್ಕು ವರ್ಷದ ಅವಳ ಎತ್ತರ ನಾಲ್ಕೂವರೆ ಅಡಿ. ಸೀರೆಯ ಮೇಲಿನ ಬಿಳಿ ಕೋಟು ಬಿಚ್ಚಲೂ ಮರೆತು ಬಂದಿದ್ದಳು. ಒಳಗೆ ಹೋಗಿ ಗದಿಗೆಪ್ಪನ ಪಾದದ ಮೇಲೆ ತಲೆಯಿಟ್ಟವಳನ್ನು ಎಬ್ಬಿಸಲು ರುದ್ರವ್ವನಿಗೆ ಬಹಳ ಹೊತ್ತು ಹಿಡಿಯಿತು.

"ಮಗಳೇನ್ರಿ?" ಧರ್ಮಣ್ಣ ಪಿಸುಗುಟ್ಟಿದ.

"ಅಲ್ಲ. ಆ ಕಡೀ ಖೋಲಿ ಭಾಗವ್ವನ ಮಗಳು," ಎಂದ ಸಿದ್ದಲಿಂಗಪ್ಪ, ಬೇರೆಲ್ಲೋ ನೋಡುತ್ತ.

* * *

ಏಳು ವರ್ಷದ ಹಿಂದೆ ನೀಲಾವತಿಗೆ ಹದಿನೇಳು. ಇನ್ನೂ ಮೈನೆರೆದಿರಲಿಲ್ಲ. ಭಾಗವ್ವ ವಿಧವೆ, ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ದುಡಿಯುವವಳು. ಹರಕೆ ಹೊತ್ತಳು, ಕಷಾಯ ಕುಡಿಸಿದಳು, ಒಮ್ಮೊಮ್ಮೆ ಸಿಟ್ಟಿಗೆ ಹೊಡೆದಳು. ಬಾಂದ್ರಾದಲ್ಲಿದ್ದ ಊರಿನವರೊಬ್ಬರ ಮನೆಯಿಂದ ಸಂಬಂಧ ಬಂದಿತ್ತು. ಯಾರೋ ಕಿವಿ ಊದಿದರು. ಗಂಡಿನ ಕಡೆಯವರು ಡಾಕ್ಟರ ಕಾಗದ ಕೇಳಿದರು. ಭಾಗವ್ವ ಗದಿಗೆಪ್ಪನ ಬಳಿ ಬಂದು ಅತ್ತಳು.

ಅವನು ತಾಯಿ ಮಗಳನ್ನು ಪರೇಲಿಗೆ ಕರೆದೊಯ್ದ. ಕಾನಿಟ್ಕರ್ ಬಾಯಿ ಮರದ ಕಡ್ಡಿಯಿಂದ ಹುಡುಗಿಯ ಗಲ್ಲದ ಒಳಗೆ ಕೆರೆದು ಗಾಜಿನ ಮೇಲೆ ಸವರಿದಳು. ಬಣ್ಣ ಹಾಕಿದವನು ಗದಿಗೆಪ್ಪ. ಹೆಂಗಸರ ಕೋಶದಲ್ಲಿ, ಗಂಟಿನ ಅಂಚಿಗೆ ಒತ್ತಿಕೊಂಡು, ಒಂದು ಕಪ್ಪು ಚುಕ್ಕಿ ಇರುತ್ತದೆ. ಅವನು ನೂರಾರು ಸಲ ನೋಡಿದ್ದ. ಹೆಂಗಸರಿಗೆ ಒಂದೇ ಬಗೆಯ ಎರಡು ಎಳೆ ಇರುತ್ತವೆ. ಎರಡರಲ್ಲಿ ಒಂದು ಮುದುಡಿಕೊಂಡು ಮಲಗುತ್ತದೆ. ಆ ಮುದುಡಿದ್ದೇ ಚುಕ್ಕಿ. ಅವತ್ತು ನೂರು ಕೋಶ ನೋಡಿದ. ಚುಕ್ಕಿ ಇರಲಿಲ್ಲ. ಬಣ್ಣದ ದೋಷವಿರಬೇಕೆಂದು ಹೊಸದಾಗಿ ಕಲಸಿ ಮತ್ತೆ ಹಾಕಿದ. ಇರಲಿಲ್ಲ.

ಸಂಜೆ ಒಂದು ಕಡ್ಡಿ, ಒಂದು ಗಾಜು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದ.

"ಬಾಯಿ ತೆರಿ," ಎಂದ ಹೆಂಡತಿಗೆ.

"ಯಾಕ್ರಿ?"

"ಚುಕ್ಕಿ ನೋಡಬೇಕು."

"ಈ ವಯಸ್ಸಿನಾಗ ಹುಚ್ಚು ಹಿಡೀತೇನು ನಿಮಗ!" ಎನ್ನುತ್ತಲೇ ರುದ್ರವ್ವ ನಗುತ್ತ ಬಾಯಿ ತೆರೆದಳು.

ಮರುದಿನ ಎರಡನ್ನೂ ಒಂದೇ ಬಣ್ಣದಲ್ಲಿ ಅದ್ದಿ, ಪಕ್ಕಪಕ್ಕ ಇಟ್ಟು ನೋಡಿದ. ರುದ್ರವ್ವನದರಲ್ಲಿ ಎಳ್ಳಿನ ಕಾಳಿನಂಥ ಚುಕ್ಕಿ. ನೀಲಾವತಿಯದರಲ್ಲಿ ಏನೂ ಇಲ್ಲ. ಬಣ್ಣದ ತಪ್ಪಲ್ಲ.

ಇವಳಿಗೆ ಎರಡರ ಬದಲು ಒಂದೇ ಎಳೆ ಬಂದಿದೆ ಎಂದಳು ಬಾಯಿ. ಇವಳು ಹೆಣ್ಣೇ, ಆದರೆ ಮಕ್ಕಳಾಗುವುದಿಲ್ಲ. ಗುಳಿಗೆ ತೆಗೆದುಕೊಂಡರೆ ಮೈ ತುಂಬುತ್ತದೆ. ರಿಪೋರ್ಟನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟಳು. ಭಾಗವ್ವ ಅದನ್ನು ಓದಿಸಲು ಸಿದ್ದಲಿಂಗಪ್ಪನ ಹತ್ತಿರ ಒಯ್ದಳು. ಗ್ಯಾಲರಿಯಲ್ಲಿ ಹತ್ತು ಜನ ಕೂತಿದ್ದರು. ಅವನು ಗಟ್ಟಿಯಾಗಿ ಓದಿ ಅರ್ಥ ಹೇಳಿದ: "ಹೆಣ್ಣಿನ ಗುರುತು, ನೆಗೆಟಿವ್. ಅಂದ್ರ, ಇಲ್ಲ."

ಭಾಗವ್ವನ ಮಗಳು ಹೆಣ್ಣೇ ಅಲ್ಲ ಎಂಬ ಮಾತು ಸಂಜೆಯೊಳಗೆ ಮೂವತ್ತು ಖೋಲಿ ಸುತ್ತಿತು. ಹೆಂಗಸರ ಸಂಡಾಸಿನ ಸಾಲಿನಲ್ಲಿ ನಿಂತಿದ್ದ ಹುಡುಗಿಗೆ ಯಾರೋ "ನೀ ಆ ಕಡೆ ಹೋಗು" ಎಂದರು. ಅಂದಿನಿಂದ ನೀಲಾವತಿ ಹಗಲೆಲ್ಲ ನೀರು ಕುಡಿಯುವುದನ್ನು ಬಿಟ್ಟಳು. ನಾಲ್ಕನೆಯ ದಿನ ತಲೆ ತಿರುಗಿ ಮೆಟ್ಟಿಲ ಮೇಲೆ ಬಿದ್ದಳು.

ಅವತ್ತು ರವಿವಾರ. ಹುಡುಗಿಯನ್ನು ಎತ್ತಿ ಒಳಗೆ ಮಲಗಿಸಿ ಬಂದ ಗದಿಗೆಪ್ಪ ಅಂಗಳದ ನಡುವೆ ನಿಂತ. ನಾಲ್ಕು ಜನರ ಮುಂದೆ ಎಂದೂ ಬಾಯಿ ತೆರೆಯದವನು ಅವನು.

"ಎಲ್ಲಾರೂ ಕೇಳ್ರಿ. ಆ ಬಣ್ಣಾ ಹಾಕಿದವ ನಾನು. ಸುತ್ತಿದ ಎಳಿ ಮಲಗಿರತೈತಿ, ಬಿಚ್ಚಿದ ಎಳಿ ದುಡೀತೈತಿ. ಮಲಗಿದ್ದು ಚುಕ್ಕಿಯಾಗಿ ಕಾಣತೈತಿ. ಈ ಹುಡುಗಿಗೆ ಇರೂದ ಒಂದ ಎಳಿ. ಅದು ಮಲಗಿಲ್ಲ, ಹಗಲೂ ರಾತ್ರಿ ದುಡ್ಯಾಕತ್ತೈತಿ. ಚುಕ್ಕಿ ಇಲ್ಲ ಅಂದ್ರ ಅಷ್ಟ ಅರ್ಥ. ಆಕಿ ಹೆಣ್ಮಗಳು."

"ಮಕ್ಕಳಾಗೂದಿಲ್ಲ ಅಂದಮ್ಯಾಲ ಎಂಥಾ ಹೆಣ್ಣೋ?" ಎಂದ ಸಿದ್ದಲಿಂಗಪ್ಪ.

ಗದಿಗೆಪ್ಪ ಕೊಡ ಹಿಡಿದು ನಿಂತಿದ್ದ ಹೆಂಡತಿಯನ್ನು ನೋಡಿದ.

"ನನ್ನ ಹೇಂತಿಗೆ ಚುಕ್ಕಿ ಐತಿ. ಎಳ್ಳಿನ ಕಾಳಿನಂಗ ಐತಿ. ಇಪ್ಪತ್ತು ವರ್ಷ ನೀವೆಲ್ಲ ಆಕೀನ್ನ ಬಂಜಿ ಅಂದ್ರಿ. ಕೊರತಿ ಆಕೀದಲ್ಲ, ನಂದು. ಅದ ದುರ್ಬೀನಿನಾಗ ನಂದೂ ನೋಡ್ಕೊಂಡೀನಿ. ನೋಡಿ ಎರಡು ವರ್ಷ ಆತು, ಹೇಳೂ ಧೈರ್ಯ ಆಗಲಿಲ್ಲ. ಹಂಗಾದ್ರ ನಾ ಗಂಡಸಲ್ಲೇನು? ಹೇಳ್ರಿ, ನಾ ಯಾವ ಸಾಲಿನಾಗ ನಿಂದರಲಿ?"

ರುದ್ರವ್ವ ಅರ್ಧ ತುಂಬಿದ ಕೊಡವನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

ಆ ಸಂಬಂಧ ಮುರಿಯಿತು. ಆದರೆ ಮರುದಿನ ಮುಂಜಾನೆ ರುದ್ರವ್ವ ನೀಲಾವತಿಯ ಕೈ ಹಿಡಿದು ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಳು. ಮುಂದಿನ ವರ್ಷ ಕಾನಿಟ್ಕರ್ ಬಾಯಿ ಹುಡುಗಿಯನ್ನು ಪ್ರಯೋಗಾಲಯಕ್ಕೆ ತೆಗೆದುಕೊಂಡಳು. ಗದಿಗೆಪ್ಪ ಬಣ್ಣ ಕಲಸುವುದನ್ನು ಕಲಿಸಿದ. ಇಬ್ಬರಿಗೂ ಒಂದೇ ಲೋಕಲ್. ಮೊದಮೊದಲು ಅವಳು ಲೇಡೀಸ್ ಡಬ್ಬಿಯ ಬಾಗಿಲಲ್ಲಿ ಹಿಂಜರಿಯುತ್ತಿದ್ದಳು. ಅವಳು ಹತ್ತುವ ತನಕ ಗದಿಗೆಪ್ಪ ತಾನೂ ಹತ್ತುತ್ತಿರಲಿಲ್ಲ. ಹೀಗೆ ಎರಡೆರಡು ಗಾಡಿ ಬಿಟ್ಟ ದಿನಗಳೂ ಇದ್ದವು.

* * *

"ಆವತ್ತಿನಿಂದ ಮೂರು ದಿನ ನಾ ಇವರ ಜೋಡಿ ಮಾತಾಡಲಿಲ್ಲರಿ," ರುದ್ರವ್ವ ಡಾಕ್ಟರ್ ಬಾಯಿಗೆ ಹೇಳುತ್ತಿದ್ದಳು. ಬಾಯಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಕೈ ಹಿಡಿದು ಕೇಳುತ್ತಿದ್ದಳು. "ಎರಡು ವರ್ಷ ಮುಚ್ಚಿಟ್ಟಿದ್ರಲ್ಲ ಅಂತ ಸಿಟ್ಟು. ನಾಕನೇ ದಿನ ಶಾವಿಗಿ ಪಾಯಸ ಮಾಡಿದೆ. ಉಂಡು, 'ಸಕ್ರಿ ಹೆಚ್ಚಾತು' ಅಂದ್ರು. ಅಳಕೋತ ಅಂದ್ರು."

ಅಯ್ಯನವರು ಬಂದು ಮಂತ್ರ ಹೇಳಿ ಮುಗಿಸಿದರು. ಗದಿಗೆಪ್ಪನನ್ನು ವಿಮಾನದಲ್ಲಿ ಕೂಡಿಸಿ ಎದೆಗೆ ಬಿಳಿ ಬಟ್ಟೆ ಕಟ್ಟಿದರು. ಅಣ್ಣನ ಮಗ ಗುರಲಿಂಗಪ್ಪ ಗುಳೇದಗುಡ್ಡದಿಂದ ಮರುದಿನಕ್ಕಿಂತ ಮೊದಲು ಬಂದು ಮುಟ್ಟುವಂತಿರಲಿಲ್ಲ.

"ಮುಂದಿನ ಹೆಗಲಿಗೆ ಮನೀ ಮಂದಿ ಬೇಕಲ್ಲ," ಎಂದರು ಅಯ್ಯನವರು.

"ನೀಲಾ ಅದಾಳ," ಎಂದಳು ರುದ್ರವ್ವ.

ನೀಲಾವತಿ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಿದ್ದಳು. "ಕಂಧಾ ಮೈಂ ದೂಂಗಿ. ಹೆಗಲು ನಾ ಕೊಡ್ತೀನಿ."

ಗುಂಪಿನಲ್ಲಿ ಗುಜುಗುಜು ಎದ್ದಿತು. ಸಿದ್ದಲಿಂಗಪ್ಪ ಕೈ ಅಡ್ಡ ಹಿಡಿದ. "ಬ್ಯಾಡವಾ. ಮಣ್ಣು ಕೊಡಾಕ ಬಾ, ಯಾರೂ ಬ್ಯಾಡ ಅನ್ನೂದಿಲ್ಲ. ಹೆಗಲು ಕೊಡೂದು ನಮ್ಮೊಳಗ ಇಲ್ಲ. ನೀ ಹೆಣ್ಮಗಳು..."

ನೀಲಾವತಿ ತಲೆ ಎತ್ತಿ ಅವನ ಮುಖ ನೋಡಿದಳು. "ಕ್ಯಾ ಬೋಲೇ, ಕಾಕಾ? ಇನ್ನೊಮ್ಮೆ ಹೇಳ್ರಿ."

ಮುದುಕ ಅಡ್ಡ ಹಿಡಿದ ಕೈ ಇಳಿಸಿದ. ಅವಳು ಯಾಕೆ ಹಾಗೆ ಕೇಳಿದಳೆಂದು ಸುತ್ತ ನಿಂತ ಹಳಬರಿಗೆಲ್ಲ ಗೊತ್ತಿತ್ತು. ಧರ್ಮಣ್ಣನೊಬ್ಬ ಅವರಿವರ ಮುಖ ನೋಡುತ್ತ ನಿಂತ.

"ನೀ ಹೆಣ್ಮಗಳು ಅಂದೆ," ಎಂದ ಸಿದ್ದಲಿಂಗಪ್ಪ ಕೊನೆಗೆ. "ಆವತ್ತ ಅನ್ನಬೇಕಾಗಿತ್ತು ತಾಯಿ. ಅವ ಇದ್ದಾಗ ಅನ್ನಬೇಕಾಗಿತ್ತು." ಚಪ್ಪಲಿ ಬಿಟ್ಟು, ವಿಮಾನದ ಮುಂದೆ ಬಲಕ್ಕೆ ಹೋಗಿ ನಿಂತ. "ಎಡಕ್ಕ ನೀ ನಿಂದರು."

ಹಿಂದಿನ ಹೆಗಲಿಗೆ ಶಂಕ್ರೆಪ್ಪ, ಧರ್ಮಣ್ಣ. ನಾಲ್ವರೂ ಎತ್ತಿದರು. ನೀಲಾವತಿಯ ಹೆಗಲು ಉಳಿದವರ ಎದೆಯ ಮಟ್ಟಕ್ಕಿತ್ತು. ವಿಮಾನ ಅವಳ ಕಡೆಗೆ ವಾಲಿತು, ಹೂಗಳು ಜಾರಿ ಬಿದ್ದವು. ಯಾರೋ "ಇಳಸ್ರಿ, ಇಳಸ್ರಿ" ಎಂದು ಕೂಗಿದರು. ಆಗ ಸಿದ್ದಲಿಂಗಪ್ಪ ಉಸಿರು ಬಿಗಿಹಿಡಿದು ಎರಡೂ ಮೊಣಕಾಲು ಬಗ್ಗಿಸಿದ. ಅವನನ್ನು ನೋಡಿ ಶಂಕ್ರೆಪ್ಪ ಬಗ್ಗಿದ. ಧರ್ಮಣ್ಣನೂ ಬಗ್ಗಿದ.

ರುದ್ರವ್ವ ಗ್ಯಾಲರಿಯ ಕಟಕಟೆ ಹಿಡಿದು ನೋಡಿದಳು. ಗಿಡ್ಡ ಬಾಗಿಲು ದಾಟುವವರ ಹಾಗೆ ಮೂರು ಜನ ಗಂಡಸರು ಮಂಡಿ ಮಡಿಸಿಕೊಂಡು, ಒಬ್ಬಳ ಹೆಜ್ಜೆಗೆ ಹೆಜ್ಜೆ ಕೂಡಿಸುತ್ತ ಸ್ಟೇಶನ್ ರೋಡಿನ ಕಡೆಗೆ ತಿರುಗುತ್ತಿದ್ದರು. ಅವರ ನಡುವೆ ಗದಿಗೆಪ್ಪ ಎತ್ತಲೂ ವಾಲದೆ, ನೆಟ್ಟಗೆ ಕೂತು ಹೋಗುತ್ತಿದ್ದ.