ಹೋಲಿಕೆಗೆ ಬಂದ ಅಕ್ಕ

ತಮ್ಮ ಜಾರುಬಂಡೆಯ ಮೇಲಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಅಕ್ಕನ ಹೊಟ್ಟೆಗೆ ಕಿಚ್ಚು ಹತ್ತಿದ್ದೂ ಅಂದಿನಿಂದಲೇ. ಅವನು ಶೂ ಲೇಸು ಕಟ್ಟಿಕೊಂಡರೆ ಮನೆಯಲ್ಲಿ ಚಪ್ಪಾಳೆ. ಅವಳು ಓಟದಲ್ಲಿ ಪದಕ ತಂದರೆ, "ಹೌದಾ, ಒಳ್ಳೇದಾಯ್ತು. ಸ್ವಲ್ಪ ಅವನ ಬ್ಯಾಗ್ ನೋಡೇ" ಅನ್ನುತ್ತಿದ್ದಳು ಅಮ್ಮ. ಮಾರ್ಕ್ಸ್ ಎಷ್ಟು ಬಂತು ಎಂದು ಕೇಳುವವರೂ ಇರಲಿಲ್ಲ. ಹನ್ನೆರಡು ವರ್ಷದ ಹುಡುಗಿ ಎಷ್ಟು ಅಂತ ನುಂಗಿಕೊಳ್ಳಬೇಕು?

ಆಸ್ಪತ್ರೆಯಲ್ಲಿ ಇಂಥ ಮಕ್ಕಳ ಮೆದುಳಿನ ಸ್ಕ್ಯಾನ್ ಮಾಡಿ, ನೆನಪು, ಗಮನ ಎಲ್ಲ ಅಳೆಯುತ್ತಿದ್ದರು. ಪೆಟ್ಟಿನಿಂದ ಮರೆವು ಬಂದವರಿಗೆ ವಿಶೇಷ ಪಾಠವನ್ನೂ ಮಾಡುತ್ತಿದ್ದರು; ಓದಿದ್ದೆಲ್ಲ ಮರೆಯುತ್ತಿದ್ದ ತಮ್ಮನೂ ಅದಕ್ಕೆ ಹೋಗುತ್ತಿದ್ದ. ಒಂದೇ ಮನೆಯಲ್ಲಿ ಬೆಳೆದವರು ಎಂದು ಹೋಲಿಕೆಗೆ ಒಡಹುಟ್ಟಿದವರನ್ನೂ ಕರೆದರು. ಹಾಗೆ ಅಕ್ಕನೂ ಆ ಗಡಗಡ ಸದ್ದಿನ ಯಂತ್ರದೊಳಗೆ ಮಲಗಿ ಬಂದಳು. ಹೊರಬಂದಾಗ ಅಮ್ಮ ತಮ್ಮನಿಗೆ ಸಾಕ್ಸ್ ಹಾಕುತ್ತಿದ್ದಳು. ಇವಳತ್ತ ಕತ್ತೆತ್ತಿಯೂ ನೋಡಲಿಲ್ಲ.

ಅಷ್ಟು ಸಾಕಾಯಿತು. ಮುಂದಿನ ಕೋಣೆಯಲ್ಲಿ ಡಾಕ್ಟರಮ್ಮ ಒಂದಷ್ಟು ಪದ ಓದಿ, "ನೆನಪಿದ್ದಷ್ಟು ಹೇಳಮ್ಮಾ" ಎಂದರು. ಎಲ್ಲವೂ ನಾಲಿಗೆಯ ತುದಿಯಲ್ಲೇ ಇದ್ದವು. ಅವಳು ಎರಡು ಹೇಳಿ, ಪೆದ್ದಿಯ ಹಾಗೆ ಕಣ್ಣುಕಣ್ಣು ಬಿಟ್ಟಳು.

ಕೆಲವು ವಾರಗಳ ಮೇಲೆ ಎಲ್ಲರನ್ನೂ ಕರೆಸಿದರು. ಪರದೆಯ ಮೇಲೆ ಎರಡು ಮೆದುಳು. ತಮ್ಮನದರಲ್ಲಿ ಹಣೆಯ ಹಿಂದೆ ಮಸುಕಾದ ಕಲೆ.

"ಕಲೆ ಇದೆ, ನಿಜ. ಆದ್ರೆ ನೆನಪಲ್ಲಿ ಅಕ್ಕನೂ ಅಷ್ಟೇ, ಇವನೂ ಅಷ್ಟೇ," ಎಂದರು ಡಾಕ್ಟರಮ್ಮ. "ಅಂದ್ಮೇಲೆ ಇವನ ಮರೆವು ಪೆಟ್ಟಿಂದ ಬಂದಿದ್ದಲ್ಲ ಅನ್ಸುತ್ತೆ. ವಿಶೇಷ ಪಾಠ ನಿಲ್ಲಿಸಿ, ಆ ಜಾಗ ಬೇರೆ ಮಗುಗೆ ಕೊಡ್ತೀವಿ."

ತಮ್ಮನ ಮುಖ ಸಪ್ಪಗಾಯಿತು. ಆ ಪಾಠದಲ್ಲಿ ಮಾತ್ರ ಅವನಿಗೆ ಓದಿದ್ದು ತಲೆಗೆ ಹತ್ತುತ್ತಿತ್ತು. ಅಮ್ಮ ಅಕ್ಕನತ್ತ ತಿರುಗಿದಳು.

"ಅಯ್ಯೋ ನನ್ನ ಕಂದಾ, ನೀನೂ ಇಷ್ಟು ಕಷ್ಟಪಡ್ತಿದ್ಯಾ? ನಾನು ನೋಡ್ಲೇ ಇಲ್ವಲ್ಲೇ!" ಎಂದು ಎದೆಗೊತ್ತಿಕೊಂಡು ತಲೆ ಸವರತೊಡಗಿದಳು.

ಎಷ್ಟು ಕಾಲದ ಮೇಲೆ ಆ ಕೈ! ಬಾಯಿ ಮುಚ್ಚಿಕೊಂಡಿದ್ದರೆ ಅದು ಅಲ್ಲೇ ಇರುತ್ತಿತ್ತು.

ತಮ್ಮ ಅಮ್ಮನ ತೋಳು ಜಗ್ಗಿದ. "ಇಲ್ಲಮ್ಮ, ಅಕ್ಕಂಗೆ ಎಲ್ಲಾ ನೆನಪಿರುತ್ತೆ. ನಂದೂ ಅವಳೇ ನೆನಪಿಟ್ಕೊಳ್ಳೋದು."

ಹಾಳಾದವನು, ಒಳ್ಳೆಯವನಾಗುವುದರಲ್ಲೂ ಇವನೇ ಮುಂದೆ! ಅಕ್ಕನಿಗೆ ಮೈಯೆಲ್ಲ ಉರಿಯಿತು. ಆದರೂ ಬಾಯಿ ತೆರೆದಳು.

"ಗಡಿಯಾರ, ಸೇತುವೆ, ಕೊಡೆ, ಮೊಲ, ಏಣಿ..." ಅಮ್ಮನ ಎದೆಗೆ ಮುಖ ಹುದುಗಿಸಿಕೊಂಡೇ, ಅಂದು ನುಂಗಿದ್ದ ಪದಗಳನ್ನು ಒಂದೂ ಬಿಡದೆ ಹೇಳಿದಳು. "ಅವತ್ತು ಬೇಕು ಅಂತಾನೇ ಹೇಳ್ಲಿಲ್ಲ. ಅವನ ಪಾಠ ನಿಲ್ಲಿಸ್ಬೇಡಿ."

ಡಾಕ್ಟರಮ್ಮ ಪೆನ್ನು ಎತ್ತಿಕೊಂಡರು. ಅಮ್ಮನ ಕೈ ಅವಳ ತಲೆಯ ಮೇಲೆ ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ಮೆಲ್ಲಗೆ ಜಾರಿ, ತಮ್ಮನ ಕಡೆಗೆ ಹೋಯಿತು.