ನಿರ್ವಾತದಲ್ಲಿ ಒಂದು ಜಿಪ್ಪು

ಸೆಕೆಯ ಕಾರಣವನ್ನು ಆಗಲೇ ಎರಡು ಸಲ ಬಳಸಿ ಆಗಿತ್ತು. ಮತ್ತೂ ಸೆಕೆ ಎಂದರೆ ವೀಕ್ಷಕರು ನಗುತ್ತಾರೆ. ವೀಕ್ಷಕರು ನಗಬಾರದೆಂದೇ ಧಾರಾವಾಹಿಯವರು ಅವನನ್ನು ಇಟ್ಟುಕೊಂಡದ್ದು.

ಭೌತಶಾಸ್ತ್ರದ ಪ್ರೊಫೆಸರ್ ಕನ್ನಡಿಯ ಮುಂದೆ ಅಂಗಿಯ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಳ್ಳುತ್ತ ಯೋಚಿಸಿದ. ಅಂತರಿಕ್ಷ ನೌಕೆಯ ನಾಯಕಿ ಜಿಪ್ಪನ್ನು ಎದೆಯವರೆಗೆ ಇಳಿಸಿಕೊಂಡು ಓಡಾಡಲು ಇನ್ನೇನು ಕಾರಣ ಇದ್ದೀತು? ಚರ್ಮದಿಂದ ಬೆಳಕು ಹೀರಿಕೊಳ್ಳುತ್ತಾಳೆ ಎಂಬ ಕಾರಣ ಬಂದು ಹೋಗಿತ್ತು. ಶತ್ರುಗಳ ಕಣ್ಣಿಗೆ ಬಟ್ಟೆ ಕಾಣುತ್ತದೆ, ಮೈ ಕಾಣುವುದಿಲ್ಲ ಎಂಬುದೂ ಬಂದು ಹೋಗಿತ್ತು. ಅದನ್ನು ಕೇಳಿ ನಿರ್ದೇಶಕ ಎದ್ದು ನಿಂತು ಕೈ ಕುಲುಕಿದ್ದ. ಇಷ್ಟು ವರ್ಷ ಪಾಠ ಹೇಳಿದರೂ ಯಾವ ವಿದ್ಯಾರ್ಥಿಯೂ ಹಾಗೆ ಕುಲುಕಿರಲಿಲ್ಲ.

“ಇವತ್ತು ಯಾವ ಗ್ರಹದಲ್ಲಿ ಸೆಕೆ?” ಹೆಂಡತಿ ಕೇಳಿದಳು. ಅವಳು ದಂತವೈದ್ಯೆ. ಕ್ಲಿನಿಕ್ಕಿಗೆ ಹೊರಟು ನಿಂತಿದ್ದಳು.

“ಗ್ರಹ ಇಲ್ಲ. ಇವತ್ತು ಬಾಹ್ಯಾಕಾಶಕ್ಕೇ ಇಳೀತಾಳೆ.”

“ಅಲ್ಲಿ ಥಂಡಿ ಅಲ್ವೇನ್ರೀ?”

“ಥಂಡಿ ಅನ್ನೋದು ಅಷ್ಟು ಸರಳ ಅಲ್ಲ.”

“ನಿಮಗೆ ಯಾವುದು ತಾನೇ ಸರಳ?” ಚಪ್ಪಲಿ ಮೆಟ್ಟಿಕೊಳ್ಳುತ್ತ ನಕ್ಕಳು. “ಆ ಉಪನಾಯಕನಿಗೆ ಮಾತ್ರ ಗದ್ದದ ತನಕ ಜಿಪ್ಪು. ಪಾಪ, ಇಡೀ ನೌಕೇಲಿ ಅವನೊಬ್ಬನಿಗೇ ಶೀತ ಆಗಿರ್ಬೇಕು.”

ಅವನಿಗೆ ಮೈ ಉರಿಯಿತು. ಅವಳು ಹೇಳಿದ್ದು ಸರಿಯಾಗಿತ್ತು ಅಂತಲೇ ಉರಿಯಿತು.

ಸ್ಟುಡಿಯೋದಲ್ಲಿ ಪ್ಲೈವುಡ್ಡಿನ ನೌಕೆಗೆ ಬೆಳ್ಳಿ ಬಣ್ಣ ಬಳಿಯುತ್ತಿದ್ದರು. ಹಿಂದೆ ನಕ್ಷತ್ರಗಳ ಕಪ್ಪು ಪರದೆ. ನಾಯಕಿ ಒಂದು ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಸಂಭಾಷಣೆಯಲ್ಲಿ ಬರುವ ಯಂತ್ರಗಳ ಹೆಸರುಗಳನ್ನು ಅವನಿಂದ ಅರ್ಥ ಕೇಳಿಕೊಂಡು ಹೇಳುತ್ತಿದ್ದವಳು ಅವಳೊಬ್ಬಳೇ. ಅವನು ಬಂದದ್ದೇ ಪಕ್ಕದ ಕುರ್ಚಿಯನ್ನು ಎಳೆದಳು.

“ಸಾರ್, ಗಾಳಿ ಇಲ್ಲದ ಕಡೆ ಜಿಪ್ಪು ಬಿಚ್ಕೊಂಡು ಹೋದ್ರೆ ಏನಾಗುತ್ತೆ?”

“ಸಾಯ್ತಾರೆ.”

“ಅಷ್ಟನ್ನೇ ಅವರ ಮುಂದೆ ಹೇಳ್ತೀರಾ? ನಾನು ಹೇಳಿದ್ರೆ ಕೊಬ್ಬು ಅಂತಾರೆ. ನೀವು ಹೇಳಿದ್ರೆ ವಿಜ್ಞಾನ.”

ಅವನು ನಕ್ಕ. ಅವಳು ನಗಲಿಲ್ಲ.

“ಚೆಂದ ಕಾಣೋದು ನನಗೂ ಇಷ್ಟ ಸಾರ್, ನಾನೇನು ಸನ್ಯಾಸಿನಿ ಅಲ್ಲ. ಆದ್ರೆ ಇವತ್ತಿನ ಶಾಟೇ ಊರೆಲ್ಲ ಪೋಸ್ಟರ್ ಆಗುತ್ತಂತೆ. ನನ್ನ ಮಗಳ ಶಾಲೆ ಎದುರಿಗೂ ಅಂಟಿಸ್ತಾರೆ. ನಮ್ಮಮ್ಮ ಎಲ್ಲರನ್ನೂ ಉಳಿಸೋಕೆ ಹೋಗ್ತಿದ್ದಾಳೆ ಅಂತ ಅವಳು ಗೆಳತಿಯರಿಗೆ ತೋರಿಸ್ಬೇಕು. ಅದನ್ನ ಬಿಟ್ಟು ಬೇರೆ ಏನೂ ಹೇಳ್ಕೊಳ್ಳೋ ಹಾಗೆ ಆಗ್ಬಾರದು.”

“ಹೇಳ್ತೀನಿ. ಖಂಡಿತ ಹೇಳ್ತೀನಿ.”

ಹೇಳುತ್ತಿರುವಾಗಲೇ ಅವನ ಕಣ್ಣು ಕಂಬಳಿಯ ಅಂಚಿಗೆ ಜಾರಿತು. ಅವಳು ಕಂಬಳಿಯನ್ನು ಬಿಗಿಯಾಗಿ ಎಳೆದುಕೊಂಡಳು. ಇಬ್ಬರೂ ಏನೂ ಆಗದವರ ಹಾಗೆ ನೌಕೆಯನ್ನು ನೋಡಿದರು. ಅವನಿಗೆ ನಾಚಿಕೆಯಾಯಿತು. ಕಾರಣಗಳನ್ನೆಲ್ಲ ತಲೆ ಹುಡುಕಿತ್ತೋ ಕಣ್ಣೇ ಹುಡುಕಿತ್ತೋ ಎಂಬ ಅನುಮಾನವೂ ಬಂತು.

ಶಾಟಿಗೆ ಮೊದಲು ಕಾರಣ ಕೇಳುವುದು ಅಲ್ಲಿನ ಪದ್ಧತಿ. ಅವನು ಹೇಳಿದ ಕಾರಣವನ್ನು ನೌಕೆಯ ವೈದ್ಯನ ಪಾತ್ರಧಾರಿ ಬಾಯಿಪಾಠ ಮಾಡಿಕೊಂಡು ಗಂಭೀರವಾಗಿ ಒಪ್ಪಿಸುತ್ತಿದ್ದ. ಎಲ್ಲರೂ ಸುತ್ತ ನೆರೆದರು. ಚಾನೆಲ್ಲಿನ ಮೇಡಂ ಕೂಡ ಬಂದಿದ್ದಳು.

“ಏನ್ ಮೇಷ್ಟ್ರೇ, ಇವತ್ತು ಏನು ತಂದಿದ್ದೀರಿ?” ನಿರ್ದೇಶಕ ಕೇಳಿದ.

“ಹೊರಗೆ ಗಾಳಿ...” ಅವನು ಶುರು ಮಾಡಿದ.

“ನಮ್ಮ ನಾಯಕಿ ಗಟ್ಟಿಗಿತ್ತಿ ಸಾರ್,” ಮೇಡಂ ಮಧ್ಯೆ ಬಾಯಿ ಹಾಕಿದಳು. “ಗಟ್ಟಿಗಿತ್ತಿ ಮೈ ತೋರಿಸೋಕೆ ಹೆದರಲ್ಲ. ಮುಚ್ಕೋ ಅನ್ನೋದು ಹಳೇ ಕಾಲದವರ ಬುದ್ಧಿ. ನೀವು ಓದಿದವರು, ನಿಮಗೆ ನಾನು ಹೇಳ್ಬೇಕಾ?”

ಹಾಗಾದರೆ ಉಪನಾಯಕ ಪುಕ್ಕಲನೇ ಎಂದು ಕೇಳಬಹುದಿತ್ತು. ನಾಲಗೆಯ ತುದಿಗೇ ಬಂದಿತ್ತು. ಆದರೆ ಹಳೇ ಕಾಲದವನು ಅನ್ನಿಸಿಕೊಳ್ಳುವುದೆಂದರೆ ಅವನಿಗೆ ಎಲ್ಲಿಲ್ಲದ ಭಯ. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಬಾಯಿ ತಾನಾಗಿ ತೆರೆದುಕೊಂಡಿತು.

“ಹೊರಗೆ ಗಾಳಿ ಇರೋ ಹಾಗೆ ಮಾಡ್ಬಹುದು. ಕಣ್ಣಿಗೆ ಕಾಣದ ಒಂದು ಕವಚ. ಅದು ನೌಕೆಯ ಸುತ್ತ ಗಾಳಿಯನ್ನ ಹಿಡಿದಿಟ್ಟುಕೊಳ್ಳುತ್ತೆ.”

“ಭಲೇ!” ನಿರ್ದೇಶಕ ತೊಡೆ ತಟ್ಟಿದ.

“ಮತ್ತೆ ಹೆಲ್ಮೆಟ್ ಯಾಕೆ?” ಕ್ಯಾಮೆರಾದವನು ಕೇಳಿದ.

“ಹೆಲ್ಮೆಟ್ಟು... ಧೂಳಿಗೆ.”

ನಾಯಕಿ ಅವನನ್ನು ನೋಡಿದಳು. ಸಿಟ್ಟೇನೂ ಇರಲಿಲ್ಲ. ಕೈ ಅಡ್ಡ ಹಿಡಿದರೂ ನಿಲ್ಲದೆ ಹೋದ ಬಸ್ಸನ್ನು ನೋಡುವ ಹಾಗೆ ನೋಡಿ, ಕಂಬಳಿಯನ್ನು ಕುರ್ಚಿಯ ಮೇಲೆ ಹಾಕಿ ಎದ್ದು ಹೋದಳು.

ಅವಳ ಸೊಂಟಕ್ಕೆ ತಂತಿ ಕಟ್ಟಿದರು. ದೀಪಗಳು ಹೊತ್ತಿದವು. ವೈದ್ಯ ಕವಚದ ವಿಷಯವನ್ನು ಒಂದಕ್ಷರ ಬಿಡದೆ ಒಪ್ಪಿಸಿದ. ನಾಯಕಿ ಬಾಗಿಲ ಬಳಿ ಬಂದು ನಿಂತಳು. ಸರಕ್ಕನೆ ಜಿಪ್ಪನ್ನು ಗದ್ದದವರೆಗೆ ಎಳೆದುಕೊಂಡಳು, ಹೆಲ್ಮೆಟ್ಟಿನ ಗಾಜು ಇಳಿಸಿದಳು, ಹಾರಿದಳು.

“ಕಟ್! ಕಟ್!” ನಿರ್ದೇಶಕ ಕೂಗಿದ. ಅವಳು ಕೇಳಿಸಿಕೊಳ್ಳಲಿಲ್ಲ, ಅಥವಾ ಅವಳಿಗೆ ಕೇಳಿಸಲಿಲ್ಲ. ಎಲ್ಲರ ತಲೆಯ ಮೇಲೆ, ನಕ್ಷತ್ರಗಳ ಪರದೆಯ ಮುಂದೆ, ಕೈ ಚಾಚಿ ತೇಲಿದಳು. ಎಷ್ಟು ಚೆಂದ ಕಂಡಳೆಂದರೆ ಬಣ್ಣ ಬಳಿಯುವವರು ಬ್ರಷ್ಷು ಕೆಳಗಿಟ್ಟು ನೋಡಿದರು.

“ಇದನ್ನೇ ಇಟ್ಕೊಂಡ್ರೆ?” ಕ್ಯಾಮೆರಾದವನು ಮೆಲ್ಲಗೆ ಕೇಳಿದ.

ಮೇಡಂ ತಲೆ ಅಲ್ಲಾಡಿಸಿದಳು. ನಿರ್ದೇಶಕ ಪ್ರೊಫೆಸರನ ಕಡೆ ತಿರುಗಿದ. “ಮೇಷ್ಟ್ರೇ, ಇವಳು ಜಿಪ್ಪು ಹಾಕ್ಕೊಂಡಿದ್ದಕ್ಕೆ ಏನಾದ್ರೂ ಕಾರಣ ಇದೆಯಾ?”

“ಇದೆ,” ಅವನು ಕೊನೆಗೂ ಅಂದ. “ಹೊರಗೆ ಗಾಳಿ ಇಲ್ಲ.”

“ಏನ್ ಮೇಷ್ಟ್ರೇ, ತಮಾಷೆ ಮಾಡ್ತೀರಿ. ಕವಚ ಇದೆಯಲ್ಲ! ನೀವೇ ಹೇಳಿದ್ದು.”

ಎಲ್ಲರೂ ನಕ್ಕರು. ವೈದ್ಯನ ಪಾತ್ರಧಾರಿ ಹೌದೌದು ಎಂದು ಕವಚದ ಮಾತನ್ನು ಮತ್ತೊಮ್ಮೆ ಒಪ್ಪಿಸಿದ.

“ಗಾಳಿ ಇಲ್ಲ!” ಅವನು ಮೇಲಕ್ಕೆ ನೋಡಿ ಕಿರುಚಿದ. “ನೀವು ಮಾಡಿದ್ದೇ ಸರಿ! ಗಾಳಿ ಇಲ್ಲ!”

ಗಾಜಿನ ಹಿಂದೆ ಅವಳಿಗೆ ಅವನ ಬಾಯಿ ಆಡುವುದಷ್ಟೇ ಕಂಡಿರಬೇಕು. ಅವನಿಗೆ ಇನ್ನೊಂದು ಕಾರಣ ಹೊಳೆಯಿತೆಂದುಕೊಂಡಳೋ ಏನೋ, ಮುಖ ತಿರುಗಿಸಿದಳು.

“ಇಳಿಸ್ರಪ್ಪಾ. ಜಿಪ್ಪು ಸರಿ ಮಾಡಿ ಇನ್ನೊಂದು ತಗೊಳ್ಳೋಣ.”

ತಂತಿ ಕಿರ್ರೆಂದಿತು. ಅವಳು ಅಂಗುಲ ಅಂಗುಲವಾಗಿ ಕೆಳಗೆ ಬರತೊಡಗಿದಳು. ಅವಳನ್ನು ಹಿಡಿದುಕೊಳ್ಳಲು ಕೆಳಗಿನಿಂದ ಕೈಗಳು ಮೇಲೆದ್ದವು, ಒಂದು, ಎರಡು, ಆಮೇಲೆ ಎಷ್ಟೋ, ಅವನದೂ. ದೀಪದ ಬೆಳಕಿನಲ್ಲಿ ಎಲ್ಲ ಕೈಗಳೂ ಒಂದೇ ಥರ ಕಂಡವು. ಅವುಗಳಲ್ಲಿ ತನ್ನದು ಯಾವುದೆಂದು ಅವನಿಗೆ ಗೊತ್ತಾಗಲಿಲ್ಲ.